ಕೆಂಪು ಬಟ್ಟೆ ಬೀಸಿದರೆ

ಮಾರ್ಚ್ 3
ಮತ್ತೆ ಮೀಟಿಂಗ್. ಜಂಟಿ ಗಸ್ತಿನ ಒಪ್ಪಂದ — ನಮ್ಮದು ಈ ತೀರ, ಅವರ ದೇಶ ಭೂಮಿಯ ಆ ತುದಿ. ನಡುವೆ ಕಡಲ್ಗಳ್ಳರು, ಅದೊಂದೇ ನೆಂಟಸ್ತಿಕೆ. ಇಬ್ಬರ ಹೊಗಳಿಕೆಯನ್ನೂ ಭಾಷೆ ಬದಲಿಸಿ ದಾಟಿಸುವುದು ನನ್ನ ಕೆಲಸ. ಗಂಟಲು ಒಣಗಿತು.

ಕೊನೆಗೆ ನನ್ನದೂ ಒಂದು ಮಾತು ಸೇರಿಸಲು ಹೋದೆ. ಇಲ್ಲಿನ ಮೀನುಗಾರರು ಹಡಗು ಕಂಡರೆ ದೂರ ಸರಿಯುವುದಿಲ್ಲ. ಕೆಂಪು ಬಟ್ಟೆ ಬೀಸುತ್ತ ಎದುರಿಗೇ ನುಗ್ಗುತ್ತಾರೆ. ಮುಂದೆ ಬಲೆ ಇದೆ, ಪಕ್ಕಕ್ಕೆ ಹೋಗಿ ಎಂದು ಅರ್ಥ. ನಮ್ಮ ಸಾಹೇಬರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. "ದೊಡ್ಡ ವಿಷಯಕ್ಕೆ ಬಂದಿರೋ ಜನ. ಬಲೆ ಗಿಲೆ ಅಂತ ಅವರ ತಲೆ ತಿನ್ಬೇಡ."

ಆ ಮಾತು ಅಲ್ಲೇ ಬಿಟ್ಟು ಮುಂದಿನ ಹೊಗಳಿಕೆ ದಾಟಿಸಿದೆ.

ಸಂಜೆ ಅಕ್ಕನ ಮನೆ. ಭಾವ ದೋಣಿಯ ಎಂಜಿನ್ ಬಿಚ್ಚಿ ಬಾಗಿಲ ತುಂಬ ಹರಡಿಕೊಂಡಿದ್ದರು. ನಿನ್ನ ಬೀಗರನ್ನು ಚೆನ್ನಾಗಿ ನೋಡಿಕೊಂಡೆಯಾ ಎಂದು ಕಾಲೆಳೆದರು. ನಕ್ಕು ಸಾಕಾಯಿತು.

ಮಾರ್ಚ್ 6, ಅವರ ಹಡಗಿನಲ್ಲಿ


ಬೆಳಿಗ್ಗೆ ಮಂಜು. ಒಂದು ದೋಣಿ ನೇರ ನಮ್ಮೆದುರಿಗೆ. ಕೆಂಪು ಬಟ್ಟೆ. ಬಲೆ, ಬಲೆ ಎಂದು ಅವರ ಭಾಷೆಯಲ್ಲಿ ಕಿರುಚುತ್ತ ಮೆಟ್ಟಿಲು ಹತ್ತಿದೆ. ಅಷ್ಟರಲ್ಲಿ ಗನ್ ಶುರು. ಹಲಗೆಗಳು ಸಿಡಿದವು. ಒಂದು ತೋಳು ಬಟ್ಟೆ ಹಿಡಿದುಕೊಂಡೇ ಹಾರಿ ನೀರಿಗೆ ಬಿತ್ತು. ಇನ್ನೊಬ್ಬ ಹೊಟ್ಟೆ ಅದುಮಿಕೊಂಡು ಎದ್ದು ನಿಂತ. ಅವನನ್ನೂ ಬಿಡಲಿಲ್ಲ.

ಹತ್ತಿರ ಹೋದ ಮೇಲೆ ದೋಣಿಯ ಗುರುತು ಸಿಕ್ಕಿತು — ಭಾವ ಹೋದ ತಿಂಗಳು ತಾವೇ ಬಳಿದ ಹಸಿರು ಬಣ್ಣ. ಕೊಕ್ಕೆ ಹಾಕಿ ಎಳೆದರು. ಭಾವನಿಗೆ ಬಲಗೈ ಇರಲಿಲ್ಲ. ದವಡೆಯೂ...

ಬಲೆ ಅಲ್ಲೇ ಇತ್ತು. ಹಡಗಿನ ತಳದಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಂಡಿತು.

ಮಾರ್ಚ್ 9
"ಶಂಕಿತ ದಾಳಿಕೋರರು." ಬಂದರಿನ ಗೇಟಿನಲ್ಲಿ ಮೈಕ್ ಹಿಡಿದು ಅವರ ಹೇಳಿಕೆಯನ್ನು ನಾನೇ ಓದಬೇಕಾಯಿತು. ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಕಲ್ಲು ಬಿದ್ದವು, ಲಾಠಿ ಬಿದ್ದವು. ಅಕ್ಕನ ತುಟಿ ಸೀಳಿತು. ಬಿಡಿಸಲು ಹೋದ ನನ್ನ ಕೆನ್ನೆಗೆ ಅವಳೇ ಬಾರಿಸಿದಳು.

"ಆ ಹಡಗು ಇನ್ನೊಂದ್ ಸಲ ಹತ್ತಿದ್ರೆ, ನನಗೆ ತಮ್ಮ ಇಲ್ಲ ಅಂದ್ಕೋತೀನಿ."

ಕೆಲಸ ಬಿಟ್ಟೆ ಎಂದೆ. ಸುಳ್ಳು. ಬಿಟ್ಟರೆ ಮುಂದಿನ ದೋಣಿಯನ್ನು ಉಳಿಸುವವರು ಯಾರು? ನನಗೆ ನಾನೇ ಹೇಳಿಕೊಂಡ ಸಮಾಧಾನ ಅದು. ನಿದ್ದೆ ಮಾತ್ರ ಬರುತ್ತಿಲ್ಲ.

ಮಾರ್ಚ್ 21
ಕ್ಯಾಪ್ಟನ್ ಹೊಸ ಆಜ್ಞೆ ಹೊರಡಿಸಿದ. ಕೆಂಪು ಬಟ್ಟೆ ಕಂಡರೆ ಗುಂಡು ಹಾರಿಸಬಾರದು, ದುಭಾಷಿಯನ್ನು ಕೇಳಬೇಕು. ದುಭಾಷಿ ಕಂಡದ್ದನ್ನೆಲ್ಲ ಆ ಕ್ಷಣವೇ ಬರೆಯಬೇಕು. ಎರಡು ಹೆಣ ಬಿದ್ದ ಮೇಲೆ ಬುದ್ಧಿ.

ಅಕ್ಕನಿಗೆ ಓಡಿ ಹೋಗಿ ಹೇಳಿದೆ. ಕೆಲಸ ಬಿಡುವ ಮುಂಚೆ ಇದೊಂದು ಮಾಡಿಸಿ ಬಂದೆ ಎಂದೆ. ಅವಳು ಕೈ ತೊಳೆಯುತ್ತಿದ್ದಳು. ಪೆಟ್ರೋಲ್ ವಾಸನೆ. ಮೈದುನನ ದೋಣಿ ನಡೆಸುವುದು ಕಲಿಯುತ್ತಿದ್ದೇನೆ, ಹೊಟ್ಟೆಪಾಡು ನೋಡಬೇಕಲ್ಲ ಎಂದಳು.

"ಅಂದ್ರೆ, ಬಟ್ಟೆ ಬೀಸಿದ್ರೆ ಹತ್ತಿರ ಬರೋಕೆ ಬಿಡ್ತಾರಾ?"

"ಬಿಡ್ತಾರಕ್ಕ. ಹೆದರಬೇಡ."

"ನೀನು ಅಲ್ಲಿಲ್ಲ ತಾನೇ?"

"ಇಲ್ಲ."

ಎಷ್ಟೋ ದಿನದ ಮೇಲೆ ತಲೆ ಸವರಿದಳು. ಎದೆ ಹಗುರವಾಯಿತು.

ಮಾರ್ಚ್ 24, ಡೆಕ್ ಮೇಲೆ
ಜಂಟಿ ಗಸ್ತು ಮತ್ತೆ ಶುರು. ಬಿಸಿಲು. ಎದುರಿಗೆ ಒಂದು ದೋಣಿ, ಕೆಂಪು ಬಟ್ಟೆ. ಗನ್ನಿನವನು ಕೈ ತೆಗೆದು ನನ್ನ ಕಡೆ ನೋಡಿದ. ಕ್ಯಾಪ್ಟನ್ ಕೇಳಿದ — ಬಲೆಯಾ?

ಬಲೆ ಇಲ್ಲ. ನೀರಿನ ಮೇಲೆ ಬಲೆಗೆ ಕಟ್ಟುವ ಒಂದು ಬೆಂಡೂ ತೇಲುತ್ತಿಲ್ಲ.

ದುರ್ಬೀನು ಹಾಕಿದೆ. ಟಾರ್ಪಾಲಿನ ಕೆಳಗೆ ಕ್ಯಾನುಗಳು. ಪೆಟ್ರೋಲ್. ಒಬ್ಬಳೇ. ಅಕ್ಕ.

ಇಲ್ಲ ಅಂದರೆ ಅವಳನ್ನು ಕೊಲ್ಲುತ್ತಾರೆ. ಹೌದು ಅಂದರೆ ಹಡಗಿನೊಂದಿಗೆ ನಾವೆಲ್ಲ ಉರಿದು...

ಉತ್ತರ ಕೊಡದೆ ಮೈಕ್ ಕಿತ್ತುಕೊಂಡೆ. ಅಕ್ಕ, ನಾನು ಇಲ್ಲೇ ಇದೀನಿ, ತಿರುಗಿಸು ಎಂದು ಕೂಗಿದೆ. ನನ್ನ ದನಿ ಅವಳಿಗೆ ಗೊತ್ತಾಯಿತು. ಬೀಸುವ ಕೈ ನಿಂತಿತು. ಬಟ್ಟೆ ಕೆಳಗಿಳಿಸಿದಳು. ನನ್ನನ್ನೇ ನೋಡುತ್ತಿದ್ದಾಳೆ.

ಕ್ಯಾಪ್ಟನ್ ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದಾನೆ. ಬಲೆಯಾ, ಅಲ್ಲವಾ?

ದೋಣಿಯ ಎಂಜಿನ್ ಸದ್ದು ಇನ್ನೂ ಕಡಿಮೆ ಆಗಿಲ್ಲ. ಅಕ್ಕ ತಿರುಗಿಸು, ತಿರುಗಿ