ಎರಡು ಶ್ರಾವಣ ಪಡೆದ ಅಕ್ಕನಿಗೆ

ಅಕ್ಕಾ,

ನಾವಿಬ್ಬರೂ ಮುಖ ನೋಡಿಕೊಂಡವರಲ್ಲ. ನೀನು ತೀರಿಕೊಂಡ ಮೇಲೆ ನಿನ್ನ ಗಂಡನನ್ನು ಮದುವೆಯಾಗಿ ಖಾನಾಪುರದ ಈ ಮನೆಗೆ ಬಂದವಳು ನಾನು. ಸವತಿಗೆ ಅಕ್ಕ ಅನ್ನಬೇಕಂತೆ, ಅಂದಿದ್ದೇನೆ. ಹೊಟ್ಟೆಕಿಚ್ಚನ್ನು ಮಾತ್ರ ಮುಚ್ಚಿಡುವುದಿಲ್ಲ.

ಮದುವೆಯ ಮರುವರ್ಷ ಆಗಸ್ಟ್ ಒಂಬತ್ತಕ್ಕೆ, ನನ್ನ ಹುಟ್ಟುಹಬ್ಬವೆಂದು ಹೊಸ ಸೀರೆ ಉಟ್ಟು ನಿಂತಿದ್ದೆ. ಇವರು ನಿನ್ನ ಫೋಟೋಕ್ಕೆ ಮಾಲೆ ಹಾಕುತ್ತಿದ್ದರು. ಶ್ರಾವಣ ಶುದ್ಧ ದಶಮಿ, ನಿನ್ನ ತಿಥಿ, ಆ ವರ್ಷ ನನ್ನ ತಾರೀಖಿನ ಮೇಲೆಯೇ ಬಂದು ಕೂತಿತ್ತು. ಅಷ್ಟು ದೊಡ್ಡ ವರ್ಷದಲ್ಲಿ ನಿನಗೆ ಬೇರೆ ಜಾಗ ಸಿಗಲಿಲ್ಲವೇ?

ಇವರು ಇತಿಹಾಸದ ಮಾಸ್ತರರು, ಎಲ್ಲವೂ ತಾರೀಖಿನ ಪ್ರಕಾರ. ಒಮ್ಮೆ ಊಟಕ್ಕೆ ಕೂತಾಗ ಹೇಳಿದರು: "ಹಳೇ ಕ್ಯಾಲೆಂಡರ್ ಸೂರ್ಯನ ಲೆಕ್ಕಕ್ಕ ಹೊಂದತಿರಲಿಲ್ಲ. ರೋಮಿನ ಪೋಪ್ ಹತ್ತು ದಿನ ತಗದ ಹಾಕಿದ್ರು. ಅಕ್ಟೋಬರ್ ನಾಲ್ಕಕ್ಕ ಮಲಗಿದವರು ಹದಿನೈದಕ್ಕ ಎದ್ರು. ಬ್ರಿಟಿಷರು ಹಟ ಹಿಡದು ಭಾಳ ವರ್ಷ ಆದಮ್ಯಾಲೆ ಒಪ್ಪಿದ್ರು. ನಮಗ ಬಂದದ್ದು ಅವರ ಕೈಯಿಂದನ."

"ಹಂಗಿದ್ರ ಶ್ರಾವಣದಾಗಿಂದೂ ಒಂದು ದಿನ ತೆಗಸ್ರಿ," ಅಂದೆ.

ತಾಟು ಬಿಟ್ಟು ಎದ್ದರು. ಸಿಟ್ಟು ಇಳಿದ ಮೇಲೆ ಕೇಳಿದೆ, "ಎಲ್ಲಾದಕ್ಕೂ ತಾರೀಖು, ಅಕ್ಕಗ ಮಾತ್ರ ಯಾಕ್ರೀ ತಿಥಿ?"

"ತಾರೀಖು ತಾನ ಬರತದ. ತಿಥಿ ಹುಡುಕಬೇಕಾಗತದ," ಅಂದರು.

ಇವರು ನನ್ನನ್ನು ಯಾವತ್ತಾದರೂ ಹುಡುಕಿದ್ದಾರೆಯೇ? ನಾನೋ, ಸದಾ ಕಣ್ಣೆದುರೇ ಇರುವವಳು...

ಹೋದ ವರ್ಷವಂತೂ ಅಧಿಕ ಮಾಸ, ಒಂದರ ಹಿಂದೊಂದು ಎರಡು ಶ್ರಾವಣ. ನಿನ್ನ ತಿಥಿ ಯಾವುದರಲ್ಲಿ? ವಡಗಾವಿಯಿಂದ ಬಂದ ನಿನ್ನವ್ವ ತೀರ್ಪು ಕೊಟ್ಟಳು: "ತಪ್ಪಬಾರದಂದ್ರ ಎರಡೂ ಮಾಡೂಣು ಬಿಡವಾ." ಎರಡು ಸಲವೂ ನಿನ್ನ ಎಡೆಗೆ ಅಡುಗೆ ಮಾಡಿದವಳು ನಾನು. ಬದುಕಿರುವ ನನಗೆ ವರ್ಷಕ್ಕೆ ಒಂದೇ ದಿನ, ಸತ್ತ ನಿನಗೆ ಎರಡು. ಇದು ಯಾವ ನ್ಯಾಯ?

ಆ ಚಳಿಗಾಲದಲ್ಲಿ ನಿನ್ನವ್ವ ತೀರಿಕೊಂಡಳು. ನಿನ್ನ ಬಳಿಯೇ ಬಂದಿರಬೇಕು, ಆದರೆ ಈಗ ನಾನು ಹೇಳುವ ಸುದ್ದಿ ಅವಳಿಗೂ ಗೊತ್ತಿಲ್ಲ. ಈ ಸಲ ದಶಮಿ ಬಂತು, ಹೋಯಿತು. ಇವರಿಗೆ ನೆನಪೇ ಆಗಲಿಲ್ಲ. ಹುಡುಗರಿಗೆ ಕವಾಯತು ಮಾಡಿಸುತ್ತ ಆಗಸ್ಟ್ ಹದಿನೈದರ ಧ್ಯಾನದಲ್ಲೇ ಇದ್ದರು. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಕೊನೆಗೂ ಗೆದ್ದೆ ಅಂದುಕೊಂಡೆ. ಸಂಜೆ ಇವರು ನಗುತ್ತ ಬಂದು ಚಹಾ ಕೇಳಿದಾಗ ಹೊಳೆಯಿತು. ನಿನ್ನನ್ನೇ ಮರೆತವರು, ನಾಳೆ ನಾನು ಹೋದರೆ ನನ್ನನ್ನು ಎಷ್ಟು ವರ್ಷ...

ಬರುವ ಶ್ರಾವಣಕ್ಕೆ ಪಂಚಾಂಗ ನಾನೇ ತೆಗೆದು ನೋಡಿ ಇವರಿಗೆ ಹೇಳುತ್ತೇನೆ. ನಿನಗಾಗಿ ಅಲ್ಲ, ತಿಳಿದುಕೋ. ಇವರಿಗೆ ಮರೆಯುವ ರೂಢಿ ಬೀಳಬಾರದು.