ಜೇಬಿನಲ್ಲಿ ಉಳಿದ ತಂತಿ

ಮಾರ್ಚ್ ಹನ್ನೊಂದು, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನೀನು, ಅಳಿಯಂದಿರು, ನಿನ್ನ ಅತ್ತೆ ಮಾವ ಎಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇವತ್ತು ಫೋನ್ ಎತ್ತುತ್ತೀಯ, ನಾಳೆ ಎತ್ತುತ್ತೀಯ ಎಂದು ಕಾದು ಕಾದು ಕಡೆಗೆ ಪೆನ್ನು ಹಿಡಿದೆ. ಹಳ್ಳಿ ಶಾಲೆಯ ಅಕ್ಷರ, ಓರೆಕೋರೆಯಾಗಿದ್ದರೆ ಹೊಂದಿಸಿಕೊಂಡು ಓದು. ಫೋನಾದರೆ ಕಟ್ ಮಾಡುತ್ತೀಯ, ಅಮ್ಮನ ಕಾಗದವನ್ನು ಅರ್ಧಕ್ಕೆ ಮಡಚಿ ಇಡಲಾರೆ ಎಂದು ನಂಬಿದ್ದೇನೆ.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನೂ ಇಲ್ಲ. ಬಚ್ಚಲಿನ ನಲ್ಲಿ ಸೋರುತ್ತಿದೆ. "ವಿಮಾನ ರಿಪೇರಿ ಮಾಡೋರ ಮನೆ ನಲ್ಲೀನೇ ಹಿಂಗಾದ್ರೆ ನಮ್ಮ ಗತಿ ಏನಮ್ಮ?" ಎಂದು ಕೆಳಗಿನ ಮನೆಯಾಕೆ ನಗುತ್ತಾಳೆ. ಮೊದಲಾಗಿದ್ದರೆ ಅವಳಿಗೆ ಸದ್ದು ಕೇಳುವ ಮುಂಚೆಯೇ ನಿಮ್ಮಪ್ಪ ಸರಿಮಾಡಿಬಿಡುತ್ತಿದ್ದರು. ಈಗ ಪಾನಾ ಹಿಡಿದು ನಲ್ಲಿಯ ಮುಂದೆ ಕೂರುತ್ತಾರೆ, ಹಾಗೇ ಎದ್ದುಬರುತ್ತಾರೆ.

"ಅಪ್ಪ ಮಾವನ ಅನ್ನಕ್ಕೆ ಕಲ್ಲು ಹಾಕಿದ್ರು" ಎಂದು ಹೇಳಿ ನೀನು ಫೋನ್ ಇಟ್ಟೆ. ಆ ಮನೆಯಲ್ಲಿ ಕೇಳಿದ್ದನ್ನು ನೀನು ಹೇಳಿದೆ. ಈ ಮನೆಯಲ್ಲಿ ನಡೆದದ್ದನ್ನು ನಾನು ಹೇಳುತ್ತೇನೆ. ಆಮೇಲೆ ನಿನ್ನ ಮನಸ್ಸು.

ಅವತ್ತು ನಿಮ್ಮಪ್ಪನ ಕೆಲಸದ ಬಟ್ಟೆ ನೆನೆಹಾಕುವ ಮುಂಚೆ ಜೇಬು ತಡವಿದೆ. ಒಂದು ತುಂಡು ತಂತಿ ಸಿಕ್ಕಿತು. ವಿಮಾನದ ಬೋಲ್ಟು ಬಿಗಿದ ಮೇಲೆ, ಹಾರುವಾಗಿನ ಅದುರಾಟಕ್ಕೆ ಅದು ಸಡಿಲವಾಗದಿರಲಿ ಎಂದು ಹೊಸೆದು ಕಟ್ಟುತ್ತಾರಲ್ಲ, ಆ ತಂತಿ. "ಇದು ಬೇಕಾ, ಎಸೀಲಾ?" ಎಂದೆ. ಊಟಕ್ಕೆ ಕೂತಿದ್ದರು. ಎತ್ತಿದ ತುತ್ತು ತಟ್ಟೆಗೇ ಬಿತ್ತು.

"ಬಾಲದ ಬೋಲ್ಟಿಗೆ ಅಂತ ಕತ್ತರಿಸಿಟ್ಕೊಂಡಿದ್ದೆ ಕಣೆ. ಕಟ್ಟೇ ಇಲ್ಲ."

ಕಟ್ಟಬೇಕು ಎನ್ನುವಾಗ ಪಕ್ಕದ ವಿಮಾನದ ಚಕ್ರ ನೋಡಲು ಯಾರೋ ಕೂಗಿದರಂತೆ. ತಿರುಗಿ ಬಂದವರು, ಕಟ್ಟಿಯಾಗಿದೆ ಎಂದುಕೊಂಡು ಸಹಿ ಹಾಕಿಬಿಟ್ಟಿದ್ದಾರೆ. ತಪ್ಪು ನಿಮ್ಮಪ್ಪನದೇ, ಅದನ್ನು ಅವರು ಯಾರ ತಲೆಗೂ ಕಟ್ಟಲಿಲ್ಲ. ಆದರೆ ಅವರ ಕೆಲಸದಲ್ಲಿ ಇಂಥ ಜಾಗಕ್ಕೆ ಒಬ್ಬರು ಕೈ ಹಾಕಿದರೆ, ಇನ್ನೊಬ್ಬರು ಮೇಲೆ ಹತ್ತಿ ಕಣ್ಣಾರೆ ನೋಡಿ ಎರಡನೆಯ ಸಹಿ ಹಾಕಬೇಕು. ಆ ಸಹಿ ನಿನ್ನ ಮಾವನದು. ಇಬ್ಬರೂ ವಿಮಾನ ರಿಪೇರಿ ಮಾಡುತ್ತಿದ್ದ ಹ್ಯಾಂಗರಿನಲ್ಲಿ ಅವರನ್ನು ಹದ್ದಿನಕಣ್ಣು ಎಂದೇ ಕರೆಯುತ್ತಿದ್ದರು, ನಿನಗೇ ಗೊತ್ತು.

ಅಪ್ಪ ಮೊದಲು ಫೋನ್ ಮಾಡಿದ್ದು ಅವರಿಗೇ. ನಾನು ಪಕ್ಕದಲ್ಲೇ ನಿಂತಿದ್ದೆ, ಎರಡೂ ಕಡೆಯ ಮಾತು ಕೇಳಿಸಿತು.

"ನೀನು ಹತ್ತಿ ನೋಡಿದ್ಯೇನೋ?"

"ಮಂಡಿ ನೋವು ಕಣೋ, ಏಣಿ ಹತ್ತೋಕೆ ಆಗಲ್ಲ. ನೀನು ಮಾಡಿದ ಕೆಲಸ, ಅದ್ರಲ್ಲಿ ನಾನೇನು ನೋಡೋದು?"

"ತಂತಿ ಕಟ್ಟಿಲ್ಲ. ನನ್ನ ಜೇಬಲ್ಲೇ ಉಳಿದಿದೆ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ವಿಮಾನ ಇನ್ನೂ ಹೊರಗೆ ಹೋಗಿಲ್ವಲ್ಲ? ಬಾ, ಇಬ್ರೂ ಹೋಗಿ ಕಟ್ಟಿ ಬರೋಣ. ಮೂರನೆಯವರಿಗೆ ಯಾಕೆ? ರಿಟೈರಾಗೋಕೆ ನಂಗಿನ್ನೊಂದು ವರ್ಷ ಕಣೋ, ಮರ್ಯಾದೆಯಿಂದ ಮನೆ ಸೇರ್ಕೋತೀನಿ."

"ಇದೊಂದನ್ನ ಕಟ್ಟಬಹುದು. ಮಂಡಿ ನೋವು ಬಂದಾಗಿನಿಂದ ನೀನು ಹತ್ತದೇ ಸಹಿ ಹಾಕಿದ್ದು ಎಷ್ಟಿದೆ?"

ನಿನ್ನ ಮಾವ ಫೋನ್ ಇಟ್ಟುಬಿಟ್ಟರು ಪುಟ್ಟಿ. ಆ ವಿಮಾನಗಳೆಲ್ಲ ಜನರನ್ನು ತುಂಬಿಕೊಂಡು ಹಾರುತ್ತಲೇ ಇದ್ದವು.

ಅಪ್ಪ ಕೈ ತೊಳೆದು ಚಪ್ಪಲಿ ಮೆಟ್ಟಿದರು. ನಾನು ತೋಳು ಹಿಡಿದು, "ಮಗಳು ಆ ಮನೇಲಿ ಬಾಳ್ಬೇಕು ಅನ್ನೋದು ನೆನಪಿದ್ಯಾ?" ಎಂದೆ. "ನೆನಪಿದೆ ಕಣೆ" ಎಂದರು. ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡು ಹೋಗಿ, ಮೇಲಿನವರಿಗೆ ಎಲ್ಲವನ್ನೂ ಹೇಳಿದರು.

ನಿನ್ನ ಮಾವ ಸಹಿ ಹಾಕಿದ್ದ ವಿಮಾನಗಳನ್ನೆಲ್ಲ ಕಂಪನಿಯವರು ಇಳಿಸಿ, ಬಿಚ್ಚಿ ನೋಡಿದರು. ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ನಾನು ದೇವರಿಗೆ ಕೈಮುಗಿದೆ. ಹ್ಯಾಂಗರಿನವರು, "ನೋಡಿದ್ರಾ, ಏನೂ ಇರ್ಲಿಲ್ಲ. ಸುಮ್ಮನೆ ಸ್ನೇಹಿತನ ಬಾಳು ತೆಗೆದ" ಎಂದರು. ನಿನ್ನ ಮಾವನ ಕೆಲಸ ಹೋಯಿತು. ನಿಮ್ಮಪ್ಪನ ಸಹಿಗೆ ಬೆಲೆ ಇಲ್ಲವೆಂದು ಮಾಡಿ, ಉಪಕರಣ ಕೊಡುವ ಕಿಟಕಿಯ ಹಿಂದೆ ಕೂರಿಸಿದ್ದಾರೆ. "ಗುರುಗಳೇ, ಸ್ಕ್ರೂಡ್ರೈವರ್ ತಗೋತಿದೀನಿ, ಇದನ್ನೂ ಮೇಲಕ್ಕೆ ಚಾಡಿ ಹೇಳ್ತೀರಾ?" ಎಂದು ಅವರು ಕೆಲಸ ಕಲಿಸಿದವರೇ ಕೇಳುತ್ತಾರಂತೆ. ಮನೆಗೆ ಬಂದು ಅದನ್ನು ನಗುತ್ತಾ ಹೇಳುತ್ತಾರೆ. ನೋಡಲಾಗದೆ ನಾನು ಒಲೆಯ ಕಡೆ ತಿರುಗುತ್ತೇನೆ.

ವಿಮಾನ ಹತ್ತುವವರು ಬೆಲ್ಟು ಕಟ್ಟಿಕೊಂಡು ದೇವರನ್ನು ನೆನೆಯುತ್ತಾರೆ. ದೇವರು ತಾನೇ ಬಂದು ಬೋಲ್ಟು ಬಿಗಿಯುತ್ತಾನೆಯೇ? ಎಣ್ಣೆ ಮೆತ್ತಿದ ಯಾರದೋ ಕೈಯಿಂದ ಬಿಗಿಸುತ್ತಾನೆ. ಆ ಕೈಯ ಹೆಸರು ಯಾರಿಗೂ ಬೇಕಿಲ್ಲ, ತಪ್ಪಿದ ದಿನ ಮಾತ್ರ ಬೇಕು. ಮನೆಯ ಮೇಲೆ ವಿಮಾನ ಹೋದಾಗ ನಾನು ಕೈಮುಗಿಯುವುದನ್ನು ಕಂಡು ನೀನು ಚಿಕ್ಕವಳಿದ್ದಾಗ ನಗುತ್ತಿದ್ದೆ. ಈಗಲೂ ಮುಗಿಯುತ್ತೇನೆ. ಅಪ್ಪ ಮಾತ್ರ ಆ ಸದ್ದು ಬಂದರೆ ಎದ್ದು ಕಿಟಕಿ ಮುಚ್ಚುತ್ತಾರೆ.

ನಿನ್ನ ಮಾವ ಕೆಟ್ಟವರಲ್ಲ. ನೀನು ಹುಟ್ಟುವಾಗ ನಿಮ್ಮಪ್ಪ ಪಾಳಿಯಲ್ಲಿದ್ದರು, ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ. ಗೆಳೆಯನ ಕೈ ತಪ್ಪುವುದೇ ಇಲ್ಲವೆಂದು ನಂಬಿದರು, ಅದಕ್ಕೇ ನೋಡಲಿಲ್ಲ. ಇದರಲ್ಲಿ ಯಾರನ್ನು ಬೈಯಬೇಕೋ ನನಗೆ ತಿಳಿಯುವುದಿಲ್ಲ. ನೀನೂ ಅಪ್ಪ ಮಾಡಿದ್ದೇ ಸರಿ ಎನ್ನಬೇಡ, ಅವರ ಪಕ್ಷ ವಹಿಸಬೇಡ. ಒಮ್ಮೆ ಬಂದು, ಅವರ ಪಕ್ಕ ಕೂತು ಒಂದು ಲೋಟ ಚಹಾ ಕುಡಿದು ಹೋಗು. ಅಷ್ಟು ಸಾಕು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಮಾವನ ಮಂಡಿಗೆ ಬಿಸಿನೀರಿನ ಶಾಖ ಕೊಡಲು ಮರೆಯಬೇಡ. ನಿನ್ನ ಸಂಸಾರ ತಣ್ಣಗಿರಲಿ, ದೇವರ ಕೈ ನಿನ್ನ ತಲೆಯ ಮೇಲಿರಲಿ.

ಇಂತಿ,
ನಿನ್ನ ಅಮ್ಮ

ಮರುಬರಹ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಹೋದ ವಾರ ಅಪ್ಪ ನಿನ್ನ ಮಾವನ ಕೈ ಹಿಡಿದು ಕ್ಷಮೆ ಕೇಳುತ್ತೇನೆಂದು ನಿಮ್ಮಲ್ಲಿಗೆ ಬಂದಿದ್ದರು. ಹೋದಷ್ಟೇ ಬೇಗ ತಿರುಗಿ ಬಂದರು. ಏನಾಯಿತು ಎಂದರೆ, "ಮನೆಗೆ ಬೀಗ ಹಾಕಿತ್ತು ಕಣೆ" ಎಂದರು. ಸಂಜೆ ನಿನ್ನ ಅತ್ತೆ ಫೋನ್ ಮಾಡಿ ಅತ್ತರು. ಬಾಗಿಲು ತೆಗೆದವಳು ನೀನಂತೆ. ಒಳಗೆ ಮಾವ ಕೆಮ್ಮುತ್ತಿದ್ದರೂ "ಮನೇಲಿ ಯಾರೂ ಇಲ್ಲ" ಎಂದು ಅಪ್ಪನ ಮುಖದ ಮೇಲೆ ಬಾಗಿಲು ಮುಚ್ಚಿದೆಯಂತೆ. ಪ್ರಾಣಸ್ನೇಹಿತನಿಗಾಗಿ ಮುಚ್ಚಿಡದ ಮನುಷ್ಯ, ನಿನಗಾಗಿ ನನ್ನೆದುರು ಸುಳ್ಳು ಹೇಳಿದರು. ನನಗೆ ಗೊತ್ತಾಗಿದೆ ಎಂದು ಅವರಿಗೆ ತಿಳಿಯದು. ನೀನು ಬಂದಾಗ, ಅವತ್ತು ಎಲ್ಲಿಗೆ ಹೋಗಿದ್ರಿ ಎಂದು ಅವರ ಮುಂದೆಯೇ ನಾನು ಕೇಳುತ್ತೇನೆ. "ಹೌದಮ್ಮ, ಬೀಗ ಹಾಕ್ಕೊಂಡು ಹೊರಗೆ ಹೋಗಿದ್ವಿ" ಎಂದುಬಿಡು ಮಗಳೇ.