ಮೊಲದ ಗೂಡಿನ ಟೈಪ್‌ರೈಟರ್

ಬ್ರನೋ, ಲೀಶೆನ್
ಭಾನುವಾರ, 14 ಅಕ್ಟೋಬರ್ 1979

ಪ್ರೀತಿಯ ತಮ್ಮ ವಿಲೆಮ್,

ನಿನ್ನ ಬೆನ್ನುನೋವು ಹೇಗಿದೆ? ವಿಯೆನ್ನಾದಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಅಮ್ಮ ಹೆಣೆದ ಉಣ್ಣೆಯ ಸೊಂಟಪಟ್ಟಿ ಕಟ್ಟಿಕೋ, ಚೆನ್ನಾಗಿ ಕಾಣುವುದಿಲ್ಲ ಅಂತ ಮೂಲೆಗೆ ಎಸೆಯಬೇಡ. ನಾನು, ನಿನ್ನ ಭಾವ ಇಬ್ಬರೂ ಚೆನ್ನಾಗಿದ್ದೇವೆ, ಅಂದರೆ ಇನ್ನೂ ಮನೆಯಲ್ಲೇ ಇದ್ದೇವೆ. ಈ ಕಾಗದವನ್ನು ಅಂಚೆಗೆ ಹಾಕುವಷ್ಟು ಹುಚ್ಚಿ ನಾನಲ್ಲ. ನಿಮ್ಮೂರಿನ ಗಾಯನ ತಂಡದ ಎಡೆಲ್ಟ್ರಾಟ್ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾರೆ, ನಾಲ್ಕಕ್ಕೆ ಅವರ ಬಸ್ಸು, ಇದನ್ನು ಅವರೇ ತರುತ್ತಾರೆ. ನೀನು ಕಳಿಸಿದ ಅಚ್ಚಾದ ಕಾದಂಬರಿಯನ್ನು ಲಂಗದೊಳಗೆ ಕಟ್ಟಿಕೊಂಡು ಗಡಿ ದಾಟಿಸಿದರು, ಪುಣ್ಯಾತ್ಗಿತ್ತಿ. ಅದರ ರಟ್ಟನ್ನಷ್ಟೇ ಸವರಿ ನೋಡಿದ್ದೇನೆ, ಓದುವುದು ಆಮೇಲೆ. ಮೊದಲು ನನ್ನ ಹೊಟ್ಟೆಯ ಸಂಕಟ ಕೇಳು.

ಸೆಪ್ಟೆಂಬರಿನಲ್ಲಿ ನಮ್ಮ ಟೈಪ್‌ರೈಟರ್ ಹೋಯಿತು. ಗುಪ್ತ ಪೊಲೀಸರು ನಾಲ್ವರು ಬಂದರು. ಕಪಾಟು ತೆರೆಯಲಿಲ್ಲ, ಹಾಸಿಗೆ ಮಗುಚಲಿಲ್ಲ. ನಾಟಕಕ್ಕಾದರೂ ಒಂದು ಪೆಟ್ಟಿಗೆ ಎಳೆದು ನೋಡಬಾರದೇ? ನೆಟ್ಟಗೆ ಹಿತ್ತಿಲಿಗೆ ನಡೆದರು, ಮೊಲದ ಗೂಡುಗಳಲ್ಲಿ ಎಡಗಡೆಯಿಂದ ಮೂರನೆಯದರ ಬಾಗಿಲು ತೆಗೆದರು, ಹುಲ್ಲಿನ ಕೆಳಗಿನ ಹಲಗೆ ಎತ್ತಿದರು. ಟೈಪ್‌ರೈಟರ್, ಕಾರ್ಬನ್ ಹಾಳೆ, ಸರ್ಕಾರ ಅಚ್ಚಿಗೆ ಬಿಡದ ಮೂರು ಕಾದಂಬರಿಗಳ ಹನ್ನೆರಡು ಹನ್ನೆರಡು ಪ್ರತಿ, ಎಲ್ಲ ಹೋಯಿತು. ಅವರಲ್ಲಿ ದಪ್ಪಗಿದ್ದವನು ಮೊಲದ ಬೆನ್ನು ಸವರುತ್ತಾ, "ಏನಮ್ಮಾ, ನಿಮ್ಮ ಮೊಲ ಸಾಹಿತ್ಯಾನೂ ಮೇಯುತ್ತಾ?" ಅಂದ. ನಿನ್ನ ಭಾವನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ನನಗೆ ಮೈಯೆಲ್ಲ ಉರಿಯಿತು. ವಿಚಾರಣೆಗೆ ಮೂರು ಸಲ ಕರೆದರು. ನನ್ನನ್ನು ಶಾಲೆಯಿಂದ ತೆಗೆದುಹಾಕಿದ ಮೇಲೆ ಹೇಗೋ ಸಿಕ್ಕಿದ್ದ, ನಾಟಕಮಂದಿರದಲ್ಲಿ ಜನರ ಕೋಟು ಕಾಯುವ ಕೆಲಸವೂ ಹೋಯಿತು.

ಆ ಹಲಗೆಯ ವಿಷಯ ಗೊತ್ತಿದ್ದವರು ಯಾರು ಹೇಳು. ಅದನ್ನು ಹೊಡೆದುಕೊಟ್ಟವನು ನೀನು; ಗಡಿಯಾಚೆ ಇದ್ದೀಯ, ನಿನ್ನನ್ನು ಎಣಿಸಲೇ ಇಲ್ಲ. ನಾನು, ನಿನ್ನ ಭಾವ. ಉಳಿದವಳು ಬ್ಲಾಜೆನಾ, ಎಂಟು ವರ್ಷ ನನ್ನ ಜೊತೆ ಸರದಿಯಲ್ಲಿ ಟೈಪ್ ಮಾಡಿದವಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನೆನಪು ಮಾಡಿಕೊಂಡಷ್ಟೂ ಸಾಕ್ಷಿ ಸಿಗುತ್ತಿದೆ. ಆಗಸ್ಟಿನಲ್ಲಿ ಅವಳ ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ನಮ್ಮಂಥವರ ಮಕ್ಕಳಿಗೆ ಸುಮ್ಮಸುಮ್ಮನೆ ಸಿಗುತ್ತದೆಯೇ? ಅವರು ಬಂದ ದಿನ ಇವಳು ಅಣಬೆ ಹೆಕ್ಕಲು ಕಾಡಿಗೆ ಹೋಗಿದ್ದಳಂತೆ, ನಾನು ಕೇಳದೇ ಇದ್ದರೂ ಬುಟ್ಟಿ ತಂದು ತೋರಿಸಿದಳು. "ಯಾರೋ ಒಳಗಿನವರೇ ಹೇಳಿದ್ದಾರೆ" ಅಂತ ಒಂದು ಮಾತು ಎಸೆದು ನೋಡಿದೆ. ಮುಖ ಬಿಳಿಚಿಕೊಂಡು, "ನನ್ನನ್ಯಾಕೆ ಹಾಗೆ ನೋಡ್ತೀಯೇ, ಹೆಡ್ವಿಕಾ?" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ! "ದುಡುಕಬೇಡ ಮಾರಾಯ್ತಿ, ನೀನೂ ಅವರ ಥರಾನೇ ಆಡ್ತಿದ್ದೀಯ" ಅಂತ ನಿನ್ನ ಭಾವ ಗೊಣಗಿದರು. ನಾನು ಕೇಳಲಿಲ್ಲ. ಪ್ರತಿ ತೆಗೆದುಕೊಳ್ಳುವ ಹತ್ತು ಮನೆಗಳಿಗೂ ನಾನೇ ಟ್ರಾಮ್ ಹತ್ತಿ ಹೋಗಿ, ಅವಳ ಕೈಗೆ ಒಂದು ಹಾಳೆಯನ್ನೂ ಕೊಡಬೇಡಿ, ಮನೆಯೊಳಗೆ ಸೇರಿಸಬೇಡಿ ಅಂತ ಹೇಳಿ ಬಂದೆ. ಈಗ ಅವಳ ಜೊತೆ ಯಾರೂ ಮಾತಾಡುವುದಿಲ್ಲ. ಕಳೆದ ವಾರ ಅವಳ ಗಂಡ ಹೃದಯಾಘಾತವಾಗಿ ತೀರಿಕೊಂಡ. ಮಣ್ಣಿಗೆ ನಮ್ಮವರು ಒಬ್ಬರೂ ಹೋಗಲಿಲ್ಲ.

ಹುಡುಗರಿಗೆ ಪಾಠ ಹೇಳುತ್ತಿದ್ದಾಗ ನಮ್ಮ ದೇಶದ ಕಾದಂಬರಿಯ ಚರಿತ್ರೆ ನನಗೆ ಸಲೀಸಾಗಿತ್ತು. ಅಜ್ಜಂದಿರ ಕಾಲದಲ್ಲಿ ಒಳ್ಳೆಯ ಹಳ್ಳಿ, ಒಳ್ಳೆಯ ಜನ. ಯುದ್ಧದಿಂದ ಬದುಕಿ ಬಂದವರು ದೊರೆಗಳನ್ನು ನೋಡಿ ನಕ್ಕರು. ಆಮೇಲೆ ಕಾರ್ಖಾನೆಯನ್ನೇ ಮದುವೆಯಾದಂತಿದ್ದ ನಾಯಕರು ಬಂದರು, ಅವರನ್ನು ಯಾರೂ ಓದಲಿಲ್ಲ. ನಿನ್ನ ತಲೆಮಾರು ಬಿಯರ್ ಅಂಗಡಿಯ ಹರಟೆಯನ್ನೇ ಕಾದಂಬರಿ ಮಾಡಿತು. ಒಬ್ಬ ಹೇಳುತ್ತಾನೆ, ಇನ್ನೊಬ್ಬ ಅಲ್ಲಗಳೆಯುತ್ತಾನೆ, ಯಾರನ್ನು ನಂಬಬೇಕೋ ಓದುವವರ ಹಣೆಬರಹ. "ಅಕ್ಕಾ, ಮನುಷ್ಯರನ್ನ ಹೆಂಗೆ ಬೇಕಾದ್ರೂ ಕಟ್ಟಬಹುದು, ಮೇಜು ಕುರ್ಚಿ ಸುಳ್ಳಾದ್ರೆ ಮಾತ್ರ ಕಾದಂಬರಿ ಕುಸಿದುಬೀಳುತ್ತೆ" ಅನ್ನುತ್ತಿದ್ದೆ ನೀನು. ಹಾಗಾದರೆ ಮುಂದಿನದರಲ್ಲಿ ಬ್ಲಾಜೆನಾಳನ್ನು ಹಾಕು. ನಗುನಗುತ್ತಾ ಪಕ್ಕದಲ್ಲಿ ಕೂತು ಹಾಳೆ ಜೋಡಿಸುವ ಮನೆಮುರುಕಿ. ಕಟ್ಟುವ ಕಷ್ಟವೂ ಇಲ್ಲ, ಇದ್ದ ಹಾಗೇ ಬರೆದರೆ ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿ ಹೊಸದಾಗಿ ಸ್ನೇಹ ಬೆಳೆಸುವ ನಮ್ಮ ದೇಶದವರನ್ನು ಎರಡು ಸಲ ನೋಡಿ ನಂಬು. ನಿನ್ನ ಭಾವ ನೆನಪು ಹೇಳಿದ್ದಾರೆ. ಕೆಟ್ಟ ಕಣ್ಣು ತಾಗದೆ ನೂರು ಕಾಲ ಬಾಳಪ್ಪ.

ನಿನ್ನ ಅಕ್ಕ,
ಹೆಡ್ವಿಕಾ

ತಾ.ಕ.: ಎಡೆಲ್ಟ್ರಾಟ್ ಕೋಟು ಹಾಕಿಕೊಳ್ಳುತ್ತಿದ್ದಾರೆ. ಸಹಿ ಹಾಕಿದವಳು ತಡೆಯಲಾರದೆ ನಿನ್ನ ಪುಸ್ತಕ ತೆರೆದೆ. ಏಳನೆಯ ಅಧ್ಯಾಯ, ನೀನು ಅಲ್ಲಿಗೆ ಹೋದ ಮೇಲೆ ಬರೆದದ್ದು, ನಾನು ಟೈಪ್ ಮಾಡದೇ ಇದ್ದದ್ದು. ಹೆಸರುಗಳನ್ನೆಲ್ಲ ಬದಲಾಯಿಸಿದ್ದೀಯ, ಊರನ್ನೂ. ಆದರೆ ಒಬ್ಬ ಹೆಂಗಸು ಟೈಪ್‌ರೈಟರನ್ನು ಮೊಲದ ಗೂಡಿನಲ್ಲಿ ಇಡುತ್ತಾಳೆ, ಎಡಗಡೆಯಿಂದ ಮೂರನೆಯದು, ಹುಲ್ಲಿನ ಕೆಳಗಿನ ಹಲಗೆಯಡಿ. ಪುಸ್ತಕ ಅಚ್ಚಾದದ್ದು ಮೇ ತಿಂಗಳಲ್ಲಿ. ಅಯ್ಯೋ ವಿಲೆಮ್, ನಿನ್ನನ್ನು ಅಕ್ಷರ ಬಿಡದೆ ಓದುವವರು ಆ ಪೊಲೀಸರೇ ಅಂತ ನಿನಗೆ ಹೊಳೆಯಲಿಲ್ಲವೇ? ನಿನ್ನ ಅಕ್ಕ ಯಾರು, ಅವಳ ಮನೆ ಎಲ್ಲಿ ಅಂತ ಅವರಿಗೆ ಗೊತ್ತಿಲ್ಲವೇ? ಮೇಲೆ ಬರೆದದ್ದನ್ನು ಹರಿದು ಬೇರೆ ಬರೆಯಲು ಹೊತ್ತಿಲ್ಲ. ಹತ್ತು ಮನೆಗೂ ಮತ್ತೆ ಹೋಗಿ ತಪ್ಪಾಯಿತು ಅನ್ನುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಬ್ಲಾಜೆನಾಳ ಗಂಡನನ್ನು ಮಾತ್ರ ಇನ್ನೊಂದು ಸಲ ಮಣ್ಣು ಮಾಡಲಾಗುವುದಿಲ್ಲ.